ದೊಡ್ಡ ರೂಟರ್ ಕೊಳ್ಳುವ ಮುಂಚೆ: ಫಾರ್ವರ್ಡಿಂಗ್ ಟೇಬಲ್ ಇಳಿಸುವುದು ಹೇಗೆ

ಕಲಬುರಗಿಯಲ್ಲಿ, ಸುತ್ತಲಿನ ಸೇಡಂ, ಚಿತ್ತಾಪುರ, ಜೇವರ್ಗಿ, ಆಳಂದಗಳಲ್ಲಿ ಮನೆಮನೆಗೆ ಫೈಬರ್ ಎಳೆದು ಇಂಟರ್ನೆಟ್ ಕೊಡುವ ಸಣ್ಣ ಆಪರೇಟರ್‌ಗಳು ಇದ್ದಾರೆ. ಇಂಥವರಲ್ಲಿ ಹಲವರು ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು. ಗ್ರಾಹಕರು ಕೆಲವು ಸಾವಿರ ದಾಟಿದ ಮೇಲೆ ಜಗತ್ತಿನ ಜಾಲಗಳ ನಡುವೆ ಗುರುತಾಗುವ ಸ್ವಂತ ಎಎಸ್ ನಂಬರ್ ಬರುತ್ತದೆ, ಸ್ವಂತ ಐಪಿ ವಿಳಾಸ ಬರುತ್ತದೆ. ಹೈದರಾಬಾದ್ ಕಡೆಯಿಂದ ಒಂದು ಅಪ್‌ಸ್ಟ್ರೀಮ್ (ಇವರಿಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿ), ಬೆಂಗಳೂರು ಕಡೆಯಿಂದ ಇನ್ನೊಂದು. ಆಗ ಯಾರಾದರೂ ಬಂದು "ಫುಲ್ ಟೇಬಲ್ ತಗೊಳ್ರಿ" ಅನ್ನುತ್ತಾರೆ. ಇಡೀ ಇಂಟರ್ನೆಟ್‌ನ ರೂಟುಗಳ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬುದರ ಪಟ್ಟಿ ಅದು. ತಗೊಂಡ ಮೇಲೆ ರೂಟರ್ ಏದುಸಿರು ಬಿಡುತ್ತದೆ. ಸ್ವಲ್ಪ ದಿನಕ್ಕೆ ಅದೇ ಮನುಷ್ಯ ಬಂದು "ದೊಡ್ಡ ರೂಟರ್ ತಗೊಳ್ರಿ" ಅನ್ನುತ್ತಾನೆ.

ಈ ಬರಹ ಆ ಎರಡನೇ ಮಾತು ಕೇಳಿಸಿಕೊಂಡವರಿಗೆ. ಬೇರೆ ಜಾಲಗಳ ಜೊತೆ ರೂಟು ಹಂಚಿಕೊಳ್ಳುವ ಬಿಜಿಪಿ, ಸ್ವಂತ ಜಾಲದೊಳಗೆ ಹಂಚುವ ಒಎಸ್‌ಪಿಎಫ್ ಏನೆಂದು ನಿಮಗೆ ಗೊತ್ತು, ರೂಟರ್‌ನ ಕಮಾಂಡ್ ಲೈನ್‌ನಲ್ಲಿ ಕೈ ಆಡಿಸಿದ್ದೀರಿ ಎಂದುಕೊಂಡು ಬರೆದಿದ್ದೇನೆ.

ಏನು ತುಂಬುತ್ತದೆ, ಯಾಕೆ ತುಂಬುತ್ತದೆ

ರೂಟರ್ ಒಳಗೆ ಎರಡು ಪಟ್ಟಿ ಇರುತ್ತವೆ. ನೆರೆಯ ರೂಟರ್‌ಗಳು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದು ಒಂದು. ಅದನ್ನು ರಿಬ್ ಅನ್ನುತ್ತೇವೆ. ಅದು ಮಾಮೂಲಿ ರ‍್ಯಾಮ್‌ನಲ್ಲಿ ಕೂತಿರುತ್ತದೆ. ಕಡಿಮೆ ಬಿದ್ದರೆ ರ‍್ಯಾಮ್ ಹೆಚ್ಚಿಸಬಹುದು. ಇನ್ನೊಂದು ಫಿಬ್, ಅಂದರೆ ಫಾರ್ವರ್ಡಿಂಗ್ ಟೇಬಲ್. ಪ್ಯಾಕೆಟ್ ಬಂದ ಕ್ಷಣ ಯಾವ ಪೋರ್ಟಿನಿಂದ ಹೊರಗೆ ಹಾಕಬೇಕು ಎಂದು ನೋಡುವ ಪಟ್ಟಿ ಇದು. ಹಾರ್ಡ್‌ವೇರ್ ರೂಟರ್‌ಗಳಲ್ಲಿ ಇದು ಟಿಕ್ಯಾಮ್ ಎಂಬ ವಿಶೇಷ ಮೆಮೊರಿಯಲ್ಲೋ, ಫಾರ್ವರ್ಡಿಂಗ್ ಚಿಪ್‌ನ ಒಳಗಿನ ಮೆಮೊರಿಯಲ್ಲೋ ಇರುತ್ತದೆ. ಟಿಕ್ಯಾಮ್ ವೇಗದ್ದು, ತುಟ್ಟಿ, ಕರೆಂಟ್ ಜಾಸ್ತಿ ತಿನ್ನುತ್ತದೆ, ಬಿಸಿಯೂ ಆಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇದ್ದು, ಉಪಕರಣಗಳಿರುವ ಪಾಪ್ ರೂಮಿನ ಏಸಿ ಕೈಕೊಟ್ಟರೆ ಈ ಬಿಸಿಯ ಅರ್ಥ ತಾನಾಗಿ ಗೊತ್ತಾಗುತ್ತದೆ. ಮುಖ್ಯವಾಗಿ, ಈ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ಜಗತ್ತಿನ ಐಪಿವಿ4 ಟೇಬಲ್ ಈಗ 10 ಲಕ್ಷ ರೂಟುಗಳ ಆಸುಪಾಸಿನಲ್ಲಿದೆ. ಐಪಿವಿ6 ಟೇಬಲ್ 2 ಲಕ್ಷ ದಾಟಿದೆ. ಐಪಿವಿ6 ವಿಳಾಸ ಉದ್ದವಾದದ್ದರಿಂದ ಹಲವು ಚಿಪ್‌ಗಳಲ್ಲಿ ಒಂದು ಐಪಿವಿ6 ರೂಟು ಎರಡು ಐಪಿವಿ4 ರೂಟಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ.

ಜಾಗ ತುಂಬಿದರೆ ಏನಾಗುತ್ತದೆ ಎಂಬುದನ್ನು ಜಗತ್ತು 2014ರ ಆಗಸ್ಟ್ 12ರಂದು ನೋಡಿದೆ. ಸಿಸ್ಕೋದ 6500, 7600 ಸರಣಿಯ ಹಳೆಯ ಪೆಟ್ಟಿಗೆಗಳಲ್ಲಿ ಐಪಿವಿ4ಗೆ ಡಿಫಾಲ್ಟ್ ಆಗಿ 512 ಸಾವಿರ ರೂಟುಗಳ ಜಾಗ ಬಿಟ್ಟಿದ್ದರು. ಆ ದಿನ ವೆರೈಜನ್ ಜಾಲದಿಂದ ದೊಡ್ಡ ವಿಳಾಸ ಗುಂಪುಗಳನ್ನು ಒಡೆದ ಸುಮಾರು 15,000 ಹೊಸ ಚೂರು ರೂಟುಗಳು ಸ್ವಲ್ಪ ಹೊತ್ತು ಹೊರಬಿದ್ದವು. ಟೇಬಲ್ ಆ ಮಿತಿ ದಾಟಿತು, ಹಲವೆಡೆ ಇಂಟರ್ನೆಟ್ ಕುಂಟಿತು. ಆ ಪೆಟ್ಟಿಗೆಗಳಲ್ಲಿ ಮಿತಿ ಹೆಚ್ಚಿಸಲು ಒಂದೇ ಸಾಲಿನ ಆಜ್ಞೆ ಇತ್ತು. ಆದರೆ ರೀಲೋಡ್ ಮಾಡದೆ ಅದು ಜಾರಿಗೆ ಬರುತ್ತಿರಲಿಲ್ಲ.

ಟೇಬಲ್ ತುಂಬಿದಾಗ ರೂಟರ್ ಒಮ್ಮೆಲೇ ಸಾಯುವುದಿಲ್ಲ. ಕೆಲವು ರೂಟುಗಳು ಮಾತ್ರ ಚಿಪ್‌ಗೆ ಇಳಿಯುವುದಿಲ್ಲ. ಅವುಗಳ ಪ್ಯಾಕೆಟ್ ಸಿಪಿಯುಗೆ ಹೋಗಿ ತೆವಳುತ್ತದೆ, ಇಲ್ಲವೇ ಸದ್ದಿಲ್ಲದೆ ಬಿದ್ದುಹೋಗುತ್ತದೆ. "ಅಣ್ಣಾ, ಯೂಟ್ಯೂಬ್ ನಡೀತದ, ಬ್ಯಾಂಕಿಂದು ಓಪನ್ ಆಗವಲ್ದು ನೋಡ್ರಿ" ಎಂದು ಗ್ರಾಹಕ ಫೋನ್ ಮಾಡಿದರೆ, ನೋಡಬೇಕಾದ ಜಾಗಗಳಲ್ಲಿ ಫಿಬ್ ಕೂಡ ಒಂದು.

ಮೊದಲು ಎಣಿಸಿ

ಯಾವುದನ್ನೂ ಬದಲಿಸುವ ಮುಂಚೆ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ. ರಿಬ್‌ನಲ್ಲಿ ಎಷ್ಟು ರೂಟುಗಳಿವೆ. ಫಿಬ್‌ನಲ್ಲಿ ಎಷ್ಟಿವೆ. ಚಿಪ್‌ನ ಮಿತಿ ಎಷ್ಟು. ನಿಮ್ಮ ಸ್ವಂತ ಜಾಲದೊಳಗಿನ ರೂಟುಗಳು ಎಷ್ಟು. ರೂಟ್ ಸಮ್ಮರಿ ತೋರಿಸುವ ಆಜ್ಞೆ ಎಲ್ಲ ಕಂಪನಿಯ ರೂಟರ್‌ನಲ್ಲೂ ಇದೆ. ಹಾರ್ಡ್‌ವೇರ್ ಬಳಕೆ ತೋರಿಸುವ ಆಜ್ಞೆ ಬೇರೆ ಇರುತ್ತದೆ. ನಿಜವಾದ ಅಂಕಿ ಸಿಗುವುದು ಅಲ್ಲಿ. ಡೇಟಾಶೀಟ್‌ನಲ್ಲಿ ಅಚ್ಚಾದ ಮಿತಿಯನ್ನು ಪೂರ್ತಿ ನಂಬಬೇಡಿ. ಎಸಿಎಲ್ (ಪ್ಯಾಕೆಟ್ ಬಿಡುವ, ತಡೆಯುವ ನಿಯಮಗಳು), ಮ್ಯಾಕ್ ಟೇಬಲ್ (ಸಾಧನಗಳ ಹಾರ್ಡ್‌ವೇರ್ ವಿಳಾಸಗಳ ಪಟ್ಟಿ), ಐಪಿವಿ6 ಏನೂ ಇಲ್ಲದಿದ್ದಾಗಿನ ಅಂಕಿಯನ್ನು ಅಲ್ಲಿ ಹಾಕಿರುವುದುಂಟು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಲಿ. ನಿಮ್ಮದು ಸರ್ವರ್ ಪೆಟ್ಟಿಗೆಯ ಮೇಲೆ ಓಡುವ ಲಿನಕ್ಸ್ ರೂಟರ್ ಆಗಿದ್ದರೆ, ಅಥವಾ ಸಿಪಿಯು ಮೇಲೆಯೇ ನಡೆಯುವ ಮೈಕ್ರೊಟಿಕ್ ಕಂಪನಿಯ ರೂಟರ್ ಆಗಿದ್ದರೆ, ಟಿಕ್ಯಾಮ್ ಸಮಸ್ಯೆ ನಿಮಗಿಲ್ಲ. 10 ಲಕ್ಷ ರೂಟುಗಳು ರ‍್ಯಾಮ್‌ನಲ್ಲಿ ಆರಾಮಾಗಿ ಕೂರುತ್ತವೆ. ನಿಮ್ಮ ಕಷ್ಟ ಬೇರೆ. ಲಿಂಕ್ ಬಿದ್ದೆದ್ದಾಗ ಇಡೀ ಟೇಬಲ್ ಮತ್ತೆ ಕಟ್ಟಲು ಹಿಡಿಯುವ ಸಮಯ ಅದು. ಮೈಕ್ರೊಟಿಕ್‌ನ ಸಾಫ್ಟ್‌ವೇರ್ ಆದ ರೂಟರ್‌ಒಎಸ್‌ನ ಹಳೆಯ 6ನೇ ಆವೃತ್ತಿಯಲ್ಲಿ ಬಿಜಿಪಿ ಒಂದೇ ಸಿಪಿಯು ಕೋರ್ ಮೇಲೆ ನಡೆಯುತ್ತಿತ್ತು. ಫುಲ್ ಟೇಬಲ್ ಹಾಕಿದವರು ಆ ಕಾಯುವಿಕೆಯನ್ನು ಮರೆತಿರಲಾರರು. ಟೇಬಲ್ ಇಳಿಸಿದರೆ ಅಲ್ಲೂ ಲಾಭವಿದೆ.

ಮನೆಯೊಳಗಿನ /32ಗಳು

ಎಲ್ಲರೂ ನೇರ ಬಿಜಿಪಿ ಫಿಲ್ಟರ್‌ಗೆ ಕೈ ಹಾಕುತ್ತಾರೆ. ನಾನು ಹೇಳುವುದು, ಮೊದಲು ನಿಮ್ಮ ಒಎಸ್‌ಪಿಎಫ್ ತೆರೆದು ನೋಡಿ.

ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಗ್ರಾಹಕ ಲಾಗಿನ್ ಆದ ಕೂಡಲೇ, ಗ್ರಾಹಕರ ಸೆಷನ್‌ಗಳು ಬಂದು ಸೇರುವ ಬಿಎನ್‌ಜಿ ರೂಟರ್‌ನಲ್ಲಿ ಅವನ ವಿಳಾಸಕ್ಕೆ ಒಂದು /32 ರೂಟು, ಅಂದರೆ ಒಂದೇ ವಿಳಾಸದ ರೂಟು, ಹುಟ್ಟುತ್ತದೆ. ಗೀಟಿನ ಮುಂದಿನ ಅಂಕಿ ಚಿಕ್ಕದಾದಷ್ಟೂ ವಿಳಾಸಗಳ ಗುಂಪು ದೊಡ್ಡದು. ಬಿಎನ್‌ಜಿಯಲ್ಲಿ ಅದು ಬೇಕೇ ಬೇಕು. ಆದರೆ ಒಎಸ್‌ಪಿಎಫ್‌ನಲ್ಲಿ 'ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್' ಎಂದು ಹಾಕಿಬಿಟ್ಟರೆ ಆ /32ಗಳೆಲ್ಲ ಹೊರಗೆ ಹರಿಯುತ್ತವೆ. 6,000 ಗ್ರಾಹಕರಿದ್ದರೆ ನಿಮ್ಮ ಪ್ರತಿ ರೂಟರ್‌ನಲ್ಲೂ, ಪ್ರತಿ ಲೇಯರ್ 3 ಸ್ವಿಚ್‌ನಲ್ಲೂ 6,000 ರೂಟುಗಳು. ಜೇವರ್ಗಿಯ ಸಣ್ಣ ಸ್ವಿಚ್‌ಗೆ ಚಿತ್ತಾಪುರದ ಯಾವ ಮನೆಗೆ ಯಾವ ಐಪಿ ಹೋಗಿದೆ ಎಂಬುದು ಯಾಕೆ ಗೊತ್ತಿರಬೇಕು? ಇಂಥ ಸ್ವಿಚ್‌ನ ಚಿಪ್‌ನಲ್ಲಿ ಕೆಲವೇ ಸಾವಿರ ರೂಟುಗಳಿಗೆ ಜಾಗವಿರುವುದು ಸಾಮಾನ್ಯ.

ಸಂಖ್ಯೆಗಿಂತ ಕೆಟ್ಟದ್ದು ಇವುಗಳ ಚಂಚಲತೆ. ಒಂದು ಬಡಾವಣೆಯಲ್ಲಿ ಕರೆಂಟ್ ಹೋದರೆ ನೂರಾರು ಸೆಷನ್ ಬೀಳುತ್ತವೆ. ಕರೆಂಟ್ ಬಂದ ಕೂಡಲೇ ಒಟ್ಟಿಗೆ ಏಳುತ್ತವೆ. ಪ್ರತಿಯೊಂದಕ್ಕೂ ಒಎಸ್‌ಪಿಎಫ್ ಸುದ್ದಿ ಜಾಲದ ತುಂಬ ಓಡಾಡುತ್ತದೆ. ಎಲ್ಲಾ ರೂಟರ್‌ಗಳೂ ಟೇಬಲ್ ತಿದ್ದುತ್ತಾ ಕೂರುತ್ತವೆ.

ಪರಿಹಾರ ಸರಳ. ಪ್ರತಿ ಬಿಎನ್‌ಜಿಗೆ ಅದರದೇ ವಿಳಾಸದ ಪೂಲ್ ಕೊಡಿ. ಹೊರಗೆ ಪೂಲ್ ಮಾತ್ರ ಸಾರಿ. ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ಸಿಜಿನ್ಯಾಟ್‌ಗೆಂದೇ 2012ರಲ್ಲಿ ಮೀಸಲಿಟ್ಟ 100.64.0.0/10 ವಿಳಾಸಗಳಲ್ಲಿ ಹೀಗೆ ಹಂಚಬಹುದು:

ಸೇಡಂ – 100.64.0.0/20
ಚಿತ್ತಾಪುರ – 100.64.16.0/20
ಜೇವರ್ಗಿ – 100.64.32.0/20
ಆಳಂದ – 100.64.48.0/20

ಒಂದೊಂದರಲ್ಲಿ 4,096 ವಿಳಾಸಗಳು. ಸೇಡಂ ಮತ್ತು ಚಿತ್ತಾಪುರ ಒಂದೇ ಫೈಬರ್ ರಿಂಗ್‌ನಲ್ಲಿದ್ದರೆ ಅವೆರಡೂ ಸೇರಿ 100.64.0.0/19 ಆಗುತ್ತವೆ. ನಾಲ್ಕೂ ಸೇರಿ 100.64.0.0/18. ಅಂದರೆ ಸಿಜಿನ್ಯಾಟ್ ಪೆಟ್ಟಿಗೆಗೆ ನಾಲ್ಕೂ ಊರಿಗೆ ಒಂದೇ ಸಾಲು ಸಾಕಾಗಬಹುದು. ಸೇಡಂನ ರೂಟರ್‌ಗೆ ಅದರ ಸ್ವಂತ ಗ್ರಾಹಕರು, ಲೂಪ್‌ಬ್ಯಾಕ್‌ಗಳು (ರೂಟರ್‌ಗಳ ಸ್ವಂತ ಗುರುತಿನ ವಿಳಾಸಗಳು), ಮತ್ತೆ ಕಲಬುರಗಿ ಕಡೆಗೆ ಒಂದು ಡಿಫಾಲ್ಟ್ ರೂಟು, ಅಂದರೆ ಬೇರೆ ರೂಟು ಸಿಗದಿದ್ದಾಗ ಹಿಡಿಯುವ ದಾರಿ. ಅಷ್ಟೇ.

ವಿಳಾಸ ಹಂಚುವಾಗಲೇ ಜಾಲದ ನಕಾಶೆ ಪಕ್ಕದಲ್ಲಿರಲಿ ಎಂದು ಹೇಳುವುದು ಇದಕ್ಕೇ. ಯಾವ ಊರುಗಳು ಒಂದೇ ದಾರಿಯಲ್ಲಿ ಸಿಗುತ್ತವೆಯೋ ಅವಕ್ಕೆ ಪಕ್ಕಪಕ್ಕದ, ಜೋಡಿ ಕೂಡುವ ವಿಳಾಸ ಕೊಡಿ. ಪಕ್ಕದಲ್ಲಿದ್ದರೆ ಸಾಲದು, ಜೋಡಿ ಕೂಡಬೇಕು. 10.20.4.0/24 ಮತ್ತು 10.20.5.0/24 ಸೇರಿ ಒಂದು /23 ಆಗುತ್ತವೆ. 10.20.5.0 ಮತ್ತು 10.20.6.0 ಪಕ್ಕದಲ್ಲೇ ಇದ್ದರೂ ಒಂದಾಗುವುದಿಲ್ಲ. /23 ಬೇಕಾದರೆ ಮೂರನೆಯ ಅಂಕಿ 2ರಿಂದ, /22 ಬೇಕಾದರೆ 4ರಿಂದ, /21 ಬೇಕಾದರೆ 8ರಿಂದ ಭಾಗವಾಗುವ ಕಡೆ ಶುರುವಾಗಬೇಕು.

ಪೂಲ್ ಸಾರುವಾಗ ಒಂದು ಕೆಲಸ ಮರೆಯಬೇಡಿ. ಬಿಎನ್‌ಜಿಯಲ್ಲಿ ಅದೇ ಪೂಲ್‌ಗೆ, ಬಂದ ಪ್ಯಾಕೆಟ್ ಅಲ್ಲೇ ಬಿಸಾಡುವ ಒಂದು ಬ್ಲ್ಯಾಕ್‌ಹೋಲ್ ರೂಟು ಹಾಕಿ. ಯಾಕೆಂದರೆ ಲಾಗಿನ್ ಆಗದ ಗ್ರಾಹಕನ ವಿಳಾಸಕ್ಕೆ ಪ್ಯಾಕೆಟ್ ಬಂದಾಗ ಬಿಎನ್‌ಜಿಯಲ್ಲಿ ಅವನ /32 ಇರುವುದಿಲ್ಲ. ಬ್ಲ್ಯಾಕ್‌ಹೋಲ್ ಇಲ್ಲದಿದ್ದರೆ ಪ್ಯಾಕೆಟ್ ಡಿಫಾಲ್ಟ್ ಹಿಡಿದು ಕೋರ್‌ಗೆ (ಜಾಲದ ನಡುವಿನ ರೂಟರ್‌ಗೆ) ವಾಪಸ್ ಹೋಗುತ್ತದೆ. ಕೋರ್ ಅದನ್ನು ಮತ್ತೆ ಬಿಎನ್‌ಜಿಗೆ ಕಳಿಸುತ್ತದೆ. ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಎಂಬ ಲೆಕ್ಕ) ಮುಗಿಯುವವರೆಗೆ ಇದೇ ಆಟ. ಯಾರಾದರೂ ನಿಮ್ಮ ಖಾಲಿ ವಿಳಾಸಗಳ ಮೇಲೆ ಸ್ಕ್ಯಾನ್ ಓಡಿಸಿದರೆ ಈ ಸುತ್ತಾಟವೇ ಲಿಂಕ್ ತುಂಬಿಸುತ್ತದೆ.

ಸ್ಟ್ಯಾಟಿಕ್ ಐಪಿ ತಗೊಂಡವರ ಕತೆ ಬೇರೆ. ಸೇಡಂನ ಅಂಗಡಿಯವರು ಚಿತ್ತಾಪುರಕ್ಕೆ ಹೋದರೂ ಅದೇ ಐಪಿ ಬೇಕು ಅನ್ನುತ್ತಾರೆ. ಕೊಡಿ. ಆ /32 ಮಾತ್ರ ಹೊರಗೆ ಹೋಗುವಂತೆ ಟ್ಯಾಗ್ ಹಾಕಿ ಬಿಡಿ. ಹತ್ತಿಪ್ಪತ್ತು ಅಪವಾದಗಳಿಂದ ಏನೂ ಆಗುವುದಿಲ್ಲ. ಆದರೆ ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ನೋಡಿ. ಬಿಟ್ಟುಹೋದ ಗ್ರಾಹಕರ ರೂಟುಗಳು ಅಲ್ಲಿ ಕೂತಿರುತ್ತವೆ.

ಐಪಿವಿ6ನಲ್ಲೂ ಇದೇ ಲೆಕ್ಕ. ನಿಮ್ಮ ಐಪಿವಿ6 /32ರಿಂದ (ಐಪಿವಿ6ನಲ್ಲಿ ಇದು ದೊಡ್ಡ ಗುಂಪು) ಪ್ರತಿ ಬಿಎನ್‌ಜಿಗೆ ಒಂದು /40 ಕೊಟ್ಟರೆ, ಅದರೊಳಗೆ 65,536 ಗ್ರಾಹಕರಿಗೆ ತಲಾ ಒಂದು /56 ಸಿಗುತ್ತದೆ. ಕೋರ್‌ಗೆ ಕಾಣುವುದು ಒಂದೇ ಸಾಲು. ಇನ್ನು ರೂಟರ್‌ಗಳ ನಡುವಿನ ಲಿಂಕ್ ವಿಳಾಸಗಳನ್ನೂ ಜಾಲದ ತುಂಬ ಸಾರಬೇಕಿಲ್ಲ. ಐಬಿಜಿಪಿಯಲ್ಲಿ (ಸ್ವಂತ ರೂಟರ್‌ಗಳ ನಡುವಿನ ಬಿಜಿಪಿ) ಮುಂದಿನ ಹೆಜ್ಜೆ ತಾನೇ ಎಂದು ಹೇಳುವ ನೆಕ್ಸ್ಟ್-ಹಾಪ್-ಸೆಲ್ಫ್ ಹಾಕಿ, ಒಎಸ್‌ಪಿಎಫ್‌ನಲ್ಲಿ ಲಿಂಕ್ ವಿಳಾಸ ಸಾರದಂತೆ ತಡೆಯುವ ಪ್ರಿಫಿಕ್ಸ್ ಸಪ್ರೆಶನ್ ಇದ್ದರೆ ಆನ್ ಮಾಡಿ.

ಫುಲ್ ಟೇಬಲ್ ನಿಮಗೆ ಏನು ಮಾಡಿಕೊಡುತ್ತದೆ?

ಈಗ ಆ 10 ಲಕ್ಷದ ಕಡೆ ಬರೋಣ. ನಿಮ್ಮ ಗಡಿಯ ರೂಟರ್‌ನ ಫಿಬ್ ತೀರ್ಮಾನಿಸುವುದು ನಿಮ್ಮಿಂದ ಹೊರಗೆ ಹೋಗುವ ಪ್ಯಾಕೆಟ್‌ನ ದಾರಿಯನ್ನು. ಒಳಗೆ ಬರುವ ಪ್ಯಾಕೆಟ್ ಹೈದರಾಬಾದಿನಿಂದ ಬರಬೇಕೋ ಬೆಂಗಳೂರಿನಿಂದ ಬರಬೇಕೋ ಎಂದು ತೀರ್ಮಾನಿಸುವುದು ಬೇರೆಯವರ ಟೇಬಲ್. ನೀವು ಹೊರಗೆ ಹೇಗೆ ಸಾರುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಮನೆ ಗ್ರಾಹಕರ ಜಾಲದಲ್ಲಿ ಟ್ರಾಫಿಕ್‌ನ ಬಹುಪಾಲು ಡೌನ್‌ಲೋಡ್, ಅಲ್ವಾ? ಅಂದರೆ ಇಷ್ಟು ದುಡ್ಡು ಹಾಕಿ, ಇಷ್ಟು ಮೆಮೊರಿ ತುಂಬಿಸಿ ನೀವು ಅಚ್ಚುಕಟ್ಟು ಮಾಡುತ್ತಿರುವುದು ಸಣ್ಣ ಪಾಲಾದ ಅಪ್‌ಲೋಡ್‌ನ ದಾರಿಯನ್ನು ಮಾತ್ರ. ಸಾಮಾನ್ಯವಾಗಿ ಆ ದಿಕ್ಕಿನಲ್ಲಿ ಲಿಂಕ್ ಖಾಲಿಯೇ ಇರುತ್ತದೆ.

ಇದನ್ನು ಒಪ್ಪಿಕೊಂಡರೆ ಮುಂದಿನದು ಸುಲಭ. ಎರಡೂ ಅಪ್‌ಸ್ಟ್ರೀಮ್‌ನಿಂದ ಡಿಫಾಲ್ಟ್ ರೂಟು ತಗೊಳ್ಳಿ. ಜೊತೆಗೆ ಅವರವರ ಸ್ವಂತ ರೂಟುಗಳು ಮತ್ತು ಅವರ ನೇರ ಗ್ರಾಹಕರ ರೂಟುಗಳು ಮಾತ್ರ ಬರಲಿ. ಇದನ್ನು ಪಾರ್ಶಿಯಲ್ ಟೇಬಲ್ ಅನ್ನುತ್ತಾರೆ. ಕೇಳಿದರೆ ಅಪ್‌ಸ್ಟ್ರೀಮ್‌ನವರೇ ಹಾಗೆ ಕಳಿಸುತ್ತಾರೆ. ಕಳಿಸದಿದ್ದರೆ ಅವರು ರೂಟುಗಳಿಗೆ ಹಾಕುವ ಕಮ್ಯೂನಿಟಿ (ಗುರುತಿನ ಚೀಟಿ) ನೋಡಿ ನೀವೇ ಸೋಸಬಹುದು. ಜಾಲಗಳು ನೇರವಾಗಿ ಟ್ರಾಫಿಕ್ ಬದಲಾಯಿಸಿಕೊಳ್ಳುವ ನಿಕ್ಸಿಯ ಹೈದರಾಬಾದ್ ಅಥವಾ ಬೆಂಗಳೂರು ಕೇಂದ್ರಕ್ಕೆ ನಿಮ್ಮ ಲಿಂಕ್ ಇದ್ದರೆ ಅಲ್ಲಿಂದ ಬರುವ ರೂಟುಗಳನ್ನು ಪೂರ್ತಿ ಇಟ್ಟುಕೊಳ್ಳಿ. ನಿಮ್ಮಲ್ಲಿ ಕ್ಯಾಶ್ ಸರ್ವರ್ (ಜನ ಹೆಚ್ಚು ನೋಡುವ ವಿಡಿಯೊಗಳಂಥವನ್ನು ಹತ್ತಿರದಲ್ಲೇ ಇಡುವ ಪೆಟ್ಟಿಗೆ) ಕೂತಿದ್ದರೆ ಅದರ ಸೆಷನ್ ಹಾಗೆಯೇ ಇರಲಿ. ಎಲ್ಲ ಸೇರಿದರೂ ಫುಲ್ ಟೇಬಲ್‌ನ ಹತ್ತಿರಕ್ಕೂ ಬರುವುದಿಲ್ಲ.

ಇದರ ಬೆಲೆಯನ್ನೂ ಹೇಳಬೇಕು. ಅಪ್‌ಸ್ಟ್ರೀಮ್‌ನ ಒಳಗೇ ಏನೋ ಕಡಿದಿದೆ, ಆದರೆ ನಿಮ್ಮ ಮತ್ತು ಅವರ ನಡುವಿನ ಬಿಜಿಪಿ ಸೆಷನ್ ನೆಟ್ಟಗಿದೆ ಎಂದುಕೊಳ್ಳಿ. ಫುಲ್ ಟೇಬಲ್ ಇದ್ದಿದ್ದರೆ ಆ ರೂಟುಗಳು ವಾಪಸ್ ಆಗಿ ಟ್ರಾಫಿಕ್ ಇನ್ನೊಂದು ಕಡೆ ಹೊರಳುತ್ತಿತ್ತು. ಡಿಫಾಲ್ಟ್ ರೂಟು ಮಾತ್ರ ಏನೂ ಆಗಿಲ್ಲ ಎಂಬಂತೆ ನಿಂತಿರುತ್ತದೆ. ನಿಮ್ಮ ಪ್ಯಾಕೆಟ್‌ಗಳು ಹೈದರಾಬಾದ್‌ವರೆಗೆ ಹೋಗಿ ಬೀಳುತ್ತವೆ.

ಅದಕ್ಕೆ ಡಿಫಾಲ್ಟ್ ರೂಟನ್ನು ಒಂದು ಗೂಟಕ್ಕೆ ಕಟ್ಟಬೇಕು. ಅಪ್‌ಸ್ಟ್ರೀಮ್‌ನ ಆಚೆಗಿನ ಎರಡು ಮೂರು ಗಟ್ಟಿ ಪ್ರಿಫಿಕ್ಸ್ (ವಿಳಾಸ ಗುಂಪು) ಆರಿಸಿ, ಪಾರ್ಶಿಯಲ್ ಟೇಬಲ್ ಜೊತೆ ಅವೂ ಬರುವಂತೆ ನೋಡಿಕೊಳ್ಳಿ. ಅವು ಟೇಬಲ್‌ನಲ್ಲಿ ಇದ್ದರೆ ಮಾತ್ರ ಡಿಫಾಲ್ಟ್ ಜೀವಂತ ಇರುವಂತೆ ಕಟ್ಟಿ. ಜೂನಿಪರ್‌ನಲ್ಲಿ ಜನರೇಟ್ ರೂಟಿನಿಂದ, ಸಿಸ್ಕೋದಲ್ಲಿ ಆ ಪ್ರಿಫಿಕ್ಸ್ ಮೂಲಕ ಬಗೆಹರಿಯುವ ಸ್ಟ್ಯಾಟಿಕ್ ರೂಟಿನಿಂದ ಇದು ಸಾಧ್ಯ. ಎಚ್ಚರ: ಗೂಟಕ್ಕೆ 8.8.8.0/24 ಆರಿಸುವ ಚಾಳಿ ಇದೆ. ಗೂಗಲ್‌ನ ಆ ವಿಳಾಸ ಎನಿಕಾಸ್ಟ್, ಅಂದರೆ ಒಂದೇ ವಿಳಾಸವನ್ನು ಹಲವು ಊರುಗಳಿಂದ ಸಾರುತ್ತಾರೆ. ಅದು ನಿಮ್ಮ ಅಪ್‌ಸ್ಟ್ರೀಮ್‌ಗೆ ಹತ್ತಿರದಲ್ಲೇ ಸಿಗುತ್ತಿರಬಹುದು. ಹೊರದೇಶದ ಲಿಂಕ್ ಪೂರ್ತಿ ಬಿದ್ದರೂ ಅದು ನಗುತ್ತಾ ನಿಂತಿರುತ್ತದೆ. ಅಪ್‌ಸ್ಟ್ರೀಮ್‌ನ ಹೊರದೇಶದ ಲಿಂಕ್ ದಾಟಿಯೇ ಸಿಗುವ, ಎನಿಕಾಸ್ಟ್ ಅಲ್ಲದ ಪ್ರಿಫಿಕ್ಸ್ ಆರಿಸಿ. ಒಂದನ್ನೇ ನಂಬಬೇಡಿ.

ಗಡಿಯಲ್ಲಿ ಯುಆರ್‌ಪಿಎಫ್ (ಪ್ಯಾಕೆಟ್ ಕಳಿಸಿದ ವಿಳಾಸಕ್ಕೆ ರೂಟು ಇದೆಯೇ ಎಂದು ನೋಡುವ ತಪಾಸಣೆ) ಹಾಕಿದವರು ಇನ್ನೊಂದು ಕಡೆ ನೋಡಬೇಕು. ಟೇಬಲ್ ಚಿಕ್ಕದಾದ ಮೇಲೆ ಯಾವ ಪೋರ್ಟಿನ ಕಡೆ ರೂಟು ಇದ್ದರೂ ಸಾಕು ಎನ್ನುವ ಲೂಸ್ ಮೋಡ್‌ಗೆ ಅರ್ಥ ಬದಲಾಗುತ್ತದೆ. ಡಿಫಾಲ್ಟ್ ರೂಟನ್ನು ಲೆಕ್ಕಕ್ಕೆ ತಗೊಂಡರೆ ಎಲ್ಲಾ ಪ್ಯಾಕೆಟ್ ಪಾಸ್, ತಗೊಳ್ಳದಿದ್ದರೆ ಸರಿಯಾದ ಪ್ಯಾಕೆಟ್‌ಗಳೂ ಬೀಳುತ್ತವೆ. ಅಪ್‌ಸ್ಟ್ರೀಮ್ ಪೋರ್ಟಿನಿಂದ ಅದನ್ನು ತೆಗೆದು, ಗ್ರಾಹಕರ ಕಡೆಯ ಪೋರ್ಟಿನಲ್ಲಿ, ಬಂದ ಪೋರ್ಟಿನ ಕಡೆಗೇ ರೂಟು ಇರಬೇಕು ಎನ್ನುವ ಸ್ಟ್ರಿಕ್ಟ್ ಮೋಡ್ ಇಟ್ಟುಕೊಳ್ಳುವುದು ಒಳ್ಳೆಯದು.

ರಿಬ್ ತುಂಬ ಇರಲಿ, ಫಿಬ್‌ಗೆ ಬೇಕಾದ್ದಷ್ಟೇ

ಕೆಲವರಿಗೆ ಫುಲ್ ಟೇಬಲ್ ಬೇಕೇ ಬೇಕು. ನಿಮ್ಮ ಕೆಳಗೆ ಸ್ವಂತ ಎಎಸ್ ಇರುವ ಇನ್ನೊಬ್ಬ ಆಪರೇಟರ್ ಇದ್ದು, ಅವರಿಗೆ ನೀವು ಫುಲ್ ಟೇಬಲ್ ಕೊಡಬೇಕಿರಬಹುದು. ಆಗ ಎಲ್ಲವನ್ನೂ ರಿಬ್‌ಗೆ ತಗೊಳ್ಳಿ, ಚಿಪ್‌ಗೆ ಇಳಿಯುವ ಬಾಗಿಲಲ್ಲಿ ಸೋಸಿ.

ಈ ಬಾಗಿಲು ಎಲ್ಲಾ ಕಡೆ ಇದೆ, ಹೆಸರು ಬೇರೆ ಬೇರೆ. ಸಿಸ್ಕೋ ಐಒಎಸ್‌ನಲ್ಲಿ ಬಿಜಿಪಿಯ ಕೆಳಗೆ ಟೇಬಲ್-ಮ್ಯಾಪ್ ಹಾಕಿ ಕೊನೆಗೆ ಫಿಲ್ಟರ್ ಎಂಬ ಪದ ಸೇರಿಸಬೇಕು. ಆ ಪದ ಬಿಟ್ಟರೆ ಅದು ಸೋಸುವುದಿಲ್ಲ. ಐಒಎಸ್ ಎಕ್ಸ್‌ಆರ್‌ನಲ್ಲಿ ಅದು ಟೇಬಲ್-ಪಾಲಿಸಿ. ಜೂನಿಪರ್‌ನಲ್ಲಿ ಫಾರ್ವರ್ಡಿಂಗ್-ಟೇಬಲ್ ಎಕ್ಸ್‌ಪೋರ್ಟ್ ಪಾಲಿಸಿ. ಲಿನಕ್ಸ್ ರೂಟರ್‌ಗಳ ಬರ್ಡ್ ಸಾಫ್ಟ್‌ವೇರ್‌ನಲ್ಲಿ ಕರ್ನಲ್ ಪ್ರೊಟೊಕಾಲ್‌ನ ಎಕ್ಸ್‌ಪೋರ್ಟ್ ಫಿಲ್ಟರ್. ಅದೇ ಬಗೆಯ ಎಫ್‌ಆರ್‌ಆರ್‌ನಲ್ಲಿ 'ಐಪಿ ಪ್ರೊಟೊಕಾಲ್ ಬಿಜಿಪಿ ರೂಟ್-ಮ್ಯಾಪ್'. ಮೈಕ್ರೊಟಿಕ್‌ನ ಹಾರ್ಡ್‌ವೇರ್ ಆಫ್‌ಲೋಡ್ ಇರುವ ಸ್ವಿಚ್‌ಗಳಲ್ಲಿ, 7ನೇ ಆವೃತ್ತಿಯ ರೂಟಿಂಗ್ ಫಿಲ್ಟರ್‌ನಲ್ಲಿ 'ಸಪ್ರೆಸ್-ಎಚ್‌ಡಬ್ಲ್ಯು-ಆಫ್‌ಲೋಡ್' ಹಾಕಿದ ರೂಟುಗಳು ಚಿಪ್‌ಗೆ ಹೋಗದೆ ಸಿಪಿಯುನಲ್ಲಿ ಉಳಿಯುತ್ತವೆ.

ಯಾವುದನ್ನು ಇಳಿಸಬೇಕು? ಇದಕ್ಕೆ ಊಹೆ ಬೇಡ, ಟ್ರಾಫಿಕ್ ನೋಡಿ. ರೂಟರ್‌ನಿಂದ ಟ್ರಾಫಿಕ್ ಲೆಕ್ಕ ಕಳಿಸುವ ನೆಟ್‌ಫ್ಲೋ ಅಥವಾ ಎಸ್‌ಫ್ಲೋ ಆನ್ ಮಾಡಿ, ಪಿಎಂಆ್ಯಕ್ಟ್‌ನಂಥ ಪುಕ್ಕಟೆ ಸಾಫ್ಟ್‌ವೇರ್‌ಗೆ ಕಳಿಸಿ. ಅದು ಬಿಜಿಪಿ ಟೇಬಲ್ ಜೊತೆ ಹೊಂದಿಸಿ ಯಾವ ಪ್ರಿಫಿಕ್ಸ್‌ಗೆ ಎಷ್ಟು ಬೈಟ್ ಹೋಯಿತು ಎಂದು ಕೊಡುತ್ತದೆ. ಒಂದು ವಾರದ ಲೆಕ್ಕ ತಗೊಳ್ಳಿ. ಭಾನುವಾರದ ರಾತ್ರಿಯೂ ಅದರಲ್ಲಿ ಇರಬೇಕು, ಕಚೇರಿ ಹೊತ್ತೂ ಇರಬೇಕು. ಬೈಟ್ ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಟ್ರಾಫಿಕ್ ಎಷ್ಟು ಕಡಿಮೆ ಪ್ರಿಫಿಕ್ಸ್‌ಗಳಲ್ಲಿ ಗುಡ್ಡೆ ಬಿದ್ದಿದೆ ಎಂದು ಕಾಣುತ್ತದೆ. ಗೂಗಲ್, ಮೆಟಾ, ನೆಟ್‌ಫ್ಲಿಕ್ಸ್, ಅಕಮೈ, ಕ್ಲೌಡ್‌ಫ್ಲೇರ್‌ಗಳೇ ಮೇಲೆ ಕೂತಿರುತ್ತವೆ. ಮೇಲಿನ ಕೆಲವು ಸಾವಿರ ಚಿಪ್‌ಗೆ, ಮಿಕ್ಕದ್ದು ಡಿಫಾಲ್ಟ್‌ಗೆ. ಸ್ಪಾಟಿಫೈ ಕಂಪನಿಯ ಎಂಜಿನಿಯರ್‌ಗಳು 2015ರ ಸುಮಾರಿಗೆ ಇದೇ ಉಪಾಯದಿಂದ ದೊಡ್ಡ ರೂಟರ್‌ನ ಜಾಗದಲ್ಲಿ ಸಣ್ಣ ಟೇಬಲ್‌ನ ಸ್ವಿಚ್ ಬಳಸಿ ತೋರಿಸಿದರು.

ಪಟ್ಟಿಯನ್ನು ದಿನಕ್ಕೊಮ್ಮೆ ರಾತ್ರಿ ಹೊಸದು ಮಾಡಿದರೆ ಸಾಕು. ಗಂಟೆಗೊಮ್ಮೆ ಮಾಡಿದರೆ ಅಂಚಿನಲ್ಲಿರುವ ಪ್ರಿಫಿಕ್ಸ್‌ಗಳು ಒಳಗೆ ಹೊರಗೆ ಜಿಗಿಯುತ್ತಲೇ ಇರುತ್ತವೆ. ಹೊಸ ಪಟ್ಟಿ ಖಾಲಿ ಬಂದರೆ, ಅಥವಾ ಹಳೆಯದರ ಅರ್ಧಕ್ಕಿಂತ ಚಿಕ್ಕದಿದ್ದರೆ, ಸ್ಕ್ರಿಪ್ಟ್ ಅದನ್ನು ಹಾಕದೆ ನಿಮಗೆ ಮೆಸೇಜ್ ಕಳಿಸಲಿ. ಕೆಳಗಿನ ಆಪರೇಟರ್‌ಗೆ ಒಂದು ಮಾತು ಮುಂಚೆಯೇ ಹೇಳಿಬಿಡಿ. ಬಿಜಿಪಿಯಲ್ಲಿ ಅವರಿಗೆ ಕಾಣುವ ದಾರಿ ಒಂದು, ಪ್ಯಾಕೆಟ್ ನಿಜವಾಗಿ ಹೋಗುವ ದಾರಿ ಇನ್ನೊಂದು ಆಗುವ ಸಾಧ್ಯತೆ ಇಲ್ಲಿದೆ. ಟ್ರೇಸ್‌ರೂಟ್ ಹಾಕಿ ನಿಮಗೇ ಫೋನ್ ಮಾಡುತ್ತಾರೆ.

ರೂಟರ್ ತಾನೇ ಕುಗ್ಗಿಸಿದರೆ

ಫಿಬ್ ಕಂಪ್ರೆಶನ್ ಎಂಬ ಸೌಲಭ್ಯ ಕೆಲವು ಪೆಟ್ಟಿಗೆಗಳಲ್ಲಿದೆ. ಅರಿಸ್ಟಾದಲ್ಲಿ ಅದನ್ನು ಒಂದು ಆಜ್ಞೆಯಿಂದ ಆನ್ ಮಾಡಬಹುದು. ಕಲಬುರಗಿ ಬಸ್ ನಿಲ್ದಾಣದಲ್ಲಿ ಕಮಲಾಪುರಕ್ಕೆ, ಹುಮನಾಬಾದ್‌ಗೆ, ಬೀದರ್‌ಗೆ ಹೋಗುವವರಿಗೆಲ್ಲ 'ಬೀದರ್ ಕಡೆ' ಎಂಬ ಒಂದೇ ಬೋರ್ಡ್ ಸಾಕು, ಅಲ್ವಾ? ದಾರಿ ಒಂದೇ. ಅದೇ ತರಹ, ಒಂದು ದೊಡ್ಡ ಪ್ರಿಫಿಕ್ಸ್ ಮತ್ತು ಅದರೊಳಗಿನ ಚೂರು ಎರಡೂ ಒಂದೇ ನೆಕ್ಸ್ಟ್ ಹಾಪ್‌ಗೆ (ಮುಂದಿನ ರೂಟರ್‌ಗೆ) ಹೋಗುತ್ತಿದ್ದರೆ ಚೂರನ್ನು ಚಿಪ್‌ಗೆ ಇಳಿಸುವ ಅಗತ್ಯವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 10.20.4.0, 5.0, 6.0, 7.0 ಎಂಬ ನಾಲ್ಕು /24ಗಳಿವೆ. ಮೂರು ಹೈದರಾಬಾದ್ ಕಡೆ, 6.0 ಒಂದು ಬೆಂಗಳೂರು ಕಡೆ. ಇದಕ್ಕೆ ನಾಲ್ಕು ಸಾಲು ಬೇಡ. 10.20.4.0/22 ಹೈದರಾಬಾದ್‌ಗೆ, 10.20.6.0/24 ಬೆಂಗಳೂರಿಗೆ, ಎರಡೇ ಸಾಲು. ಉದ್ದ ಹೊಂದಾಣಿಕೆಯೇ, ಅಂದರೆ ಹೆಚ್ಚು ನಿಖರವಾದ ರೂಟೇ, ಗೆಲ್ಲುವ ನಿಯಮ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಒಂದು ಟೇಬಲ್‌ಗೆ ಸಮನಾದ, ಅತಿ ಕಡಿಮೆ ಸಾಲಿನ ಟೇಬಲ್ ಹುಡುಕುವ ವಿಧಾನವನ್ನು 1999ರಲ್ಲೇ ಕಂಡುಹಿಡಿದಿದ್ದಾರೆ. ಅದರ ಹೆಸರು ಒಆರ್‌ಟಿಸಿ.

ಕೈಯಿಂದ ಕೂಡಿಸಲು ಹೋಗುವವರಿಗೆ ಇಲ್ಲೊಂದು ಗುಂಡಿ ಇದೆ. ಮೇಲಿನ ಉದಾಹರಣೆಯಲ್ಲಿ 10.20.5.0 ಟೇಬಲ್‌ನಲ್ಲಿ ಇರಲೇ ಇಲ್ಲ ಎಂದುಕೊಳ್ಳಿ. ಆದರೂ /22 ಮಾಡಿದರೆ, ದಾರಿಯೇ ಇಲ್ಲದ ವಿಳಾಸಕ್ಕೂ ಪ್ಯಾಕೆಟ್ ಕಳಿಸಲು ಶುರುಮಾಡುತ್ತೀರಿ. ಡಿಫಾಲ್ಟ್ ಬೇರೆ ಕಡೆ ಇದ್ದರೆ ಅದು ತಪ್ಪು ದಾರಿ. ಒಆರ್‌ಟಿಸಿ ಇಂಥ ಖಾಲಿ ಜಾಗವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ, ಅವಸರದಲ್ಲಿ ಬರೆದ ಸ್ಕ್ರಿಪ್ಟ್ ಇಟ್ಟುಕೊಳ್ಳುವುದಿಲ್ಲ. ಯಂತ್ರ ಕುಗ್ಗಿಸಿದ ಟೇಬಲ್ ಮೇಲೆ ಪೂರ್ತಿ ಭಾರ ಹಾಕಲೂ ಬೇಡಿ. ನಿಮ್ಮಲ್ಲಿ ನೆಕ್ಸ್ಟ್ ಹಾಪ್ ಎರಡೇ ಇರುವುದರಿಂದ ಟೇಬಲ್ ಚೆನ್ನಾಗಿ ಕುಗ್ಗುತ್ತದೆ ನಿಜ. ಆದರೆ ಒಂದು ಅಪ್‌ಸ್ಟ್ರೀಮ್ ಅರ್ಧಂಬರ್ಧ ಬಿದ್ದ ದಿನ ರೂಟುಗಳು ಚದುರಿ ಅದು ಒಮ್ಮೆಲೇ ಉಬ್ಬಬಹುದು. ಉಬ್ಬಿದಾಗಲೂ ಹಿಡಿಸುವಷ್ಟು ಜಾಗ ಉಳಿಸಿಕೊಳ್ಳಿ.

/24 ಬಿಸಾಡುವ ಉಪಾಯ

ಐಪಿವಿ4 ಟೇಬಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು /24ಗಳೇ. "ಅವನ್ನೆಲ್ಲ ಫಿಲ್ಟರ್ ಮಾಡಿಬಿಡಿ, ಡಿಫಾಲ್ಟ್ ಇದೆಯಲ್ಲ" ಎಂಬ ಸಲಹೆ ಸಿಗುತ್ತದೆ. ನನಗೆ ಇದು ಅಷ್ಟು ಹಿಡಿಸುವುದಿಲ್ಲ. /24 ಬಿಟ್ಟರೆ ಪ್ಯಾಕೆಟ್ ಡಿಫಾಲ್ಟ್‌ಗೇ ಹೋಗುತ್ತದೆ ಎಂದೇನಿಲ್ಲ. ಅದನ್ನು ಒಳಗೊಂಡ ದೊಡ್ಡ ಪ್ರಿಫಿಕ್ಸ್ ಇದ್ದರೆ ಅದರ ಹಿಂದೆ ಹೋಗುತ್ತದೆ. ಆ /24ರ ಮಾಲೀಕ ಹಳೆಯ ಪ್ರೊವೈಡರ್ ಬಿಟ್ಟು ಬೇರೆ ಕಡೆ ಹೋಗಿದ್ದರೆ ಪ್ಯಾಕೆಟ್ ಹಳೆಯ ಮನೆಯ ಬಾಗಿಲು ತಟ್ಟುತ್ತದೆ. ಅವರು ಮುಂದೆ ಕಳಿಸಿದರೆ ಕಳಿಸಿದರು, ಇಲ್ಲದಿದ್ದರೆ ಇಲ್ಲ. ಟ್ರಾಫಿಕ್ ನೋಡಿ ಆರಿಸುವ ವಿಧಾನಕ್ಕೂ ಈ ಮುಳ್ಳು ಸ್ವಲ್ಪ ಚುಚ್ಚುತ್ತದೆ. ಅದಕ್ಕೇ ಚಿಪ್‌ಗೆ ಒಂದು ದೊಡ್ಡ ಪ್ರಿಫಿಕ್ಸ್ ಇಳಿಸಿದರೆ ಅದರೊಳಗಿನ, ಬೇರೆ ನೆಕ್ಸ್ಟ್ ಹಾಪ್ ಇರುವ ಚೂರುಗಳನ್ನೂ ಜೊತೆಗೆ ಇಳಿಸಿ.

/24ಗಿಂತ ಚಿಕ್ಕ ಐಪಿವಿ4 ಚೂರುಗಳು, /48ಗಿಂತ ಚಿಕ್ಕ ಐಪಿವಿ6 ಚೂರುಗಳು, ಖಾಸಗಿ ವಿಳಾಸಗಳು, ಆರ್‌ಪಿಕೆಐನಲ್ಲಿ (ಯಾವ ವಿಳಾಸವನ್ನು ಯಾರು ಸಾರಬಹುದು ಎಂದು ದೃಢಪಡಿಸುವ ವ್ಯವಸ್ಥೆ) ಇನ್‌ವ್ಯಾಲಿಡ್ ಎಂದು ಬಂದವು, ಇವನ್ನು ಮಾತ್ರ ಕಣ್ಣುಮುಚ್ಚಿ ಬಿಸಾಡಿ. ಜಾಗ ಹೆಚ್ಚೇನೂ ಉಳಿಯುವುದಿಲ್ಲ, ಆದರೆ ಅವು ಬರಲೇಬಾರದು.

ನಿಮ್ಮ ಕಡೆಯಿಂದ ಜಗತ್ತಿನ ಟೇಬಲ್‌ಗೆ ಹೋಗುವುದನ್ನೂ ನೋಡಿ. ಭಾರತದಲ್ಲಿ ಐಪಿ ವಿಳಾಸ ಹಂಚುವ ಐಆರ್‌ಐಎನ್‌ಎನ್‌ನಿಂದ /23 ಸಿಕ್ಕಿದ್ದರೆ /23 ಆಗಿಯೇ ಸಾರಿ. ಎರಡು ಲಿಂಕ್‌ಗಳ ನಡುವೆ ಡೌನ್‌ಲೋಡ್ ಹಂಚಲು ಎರಡು /24 ಮಾಡುವುದು ಅನಿವಾರ್ಯವಾದರೆ ಮಾಡಿ, ಅದರ ಜೊತೆಗೆ /23 ಕೂಡ ಇರಲಿ. ಎರಡೂ ಲಿಂಕ್ ಒಂದೇ ಅಪ್‌ಸ್ಟ್ರೀಮ್‌ನದಾಗಿದ್ದರೆ ಚೂರುಗಳಿಗೆ ನೋ-ಎಕ್ಸ್‌ಪೋರ್ಟ್ ಕಮ್ಯೂನಿಟಿ ಹಾಕಿ. ಅವು ಅವರ ಜಾಲ ದಾಟಿ ಹೊರಗೆ ಹೋಗುವುದಿಲ್ಲ. ಆರ್‌ಪಿಕೆಐನ ದೃಢೀಕರಣ ಪತ್ರವಾದ ಆರ್‌ಒಎ ಮಾಡುವಾಗ ನಿಜವಾಗಿ ಸಾರುವ ಉದ್ದವನ್ನಷ್ಟೇ ಬರೆಯಿರಿ.

ಜಾಗದ ಹಂಚಿಕೆ

ಹಲವು ಸ್ವಿಚ್‌ಗಳಲ್ಲಿ ಒಂದೇ ಮೆಮೊರಿಯನ್ನು ಮ್ಯಾಕ್, ಐಪಿವಿ4, ಐಪಿವಿ6, ಎಸಿಎಲ್‌ಗೆ ಪಾಲು ಹಾಕಿರುತ್ತಾರೆ. ಸಿಸ್ಕೋ ಕ್ಯಾಟಲಿಸ್ಟ್‌ನಲ್ಲಿ ಈ ಪಾಲಿಗೆ ಎಸ್‌ಡಿಎಂ ಟೆಂಪ್ಲೇಟ್ ಎಂದು ಹೆಸರು. ರೂಟಿಂಗ್‌ಗೆ ಜಾಸ್ತಿ ಜಾಗ ಕೊಡುವ ಟೆಂಪ್ಲೇಟ್ ಇದ್ದರೆ ಅದಕ್ಕೆ ಬದಲಿಸಿ. ರೀಬೂಟ್ ಆಗಬೇಕು, ಅಷ್ಟೇ ಖರ್ಚು.

ಬದಲಾವಣೆಯ ರಾತ್ರಿ

ಕ್ರಮ ತಪ್ಪಬೇಡಿ. ಮೊದಲು ಡಿಫಾಲ್ಟ್ ರೂಟು ಬರಲಿ, ಅದು ಗೂಟಕ್ಕೆ ಕಟ್ಟಿಕೊಂಡು ನಿಲ್ಲಲಿ, ಅದು ಚಿಪ್‌ನಲ್ಲಿ ಕೂತಿದೆ ಎಂದು ಖಚಿತವಾಗಲಿ. ಆಮೇಲೆ ಮಾತ್ರ ರೂಟುಗಳನ್ನು ಸೋಸಿ. ಉಲ್ಟಾ ಮಾಡಿದರೆ ಆ ನಡುವಿನ ನಿಮಿಷಗಳಲ್ಲಿ ಎಲ್ಲರ ನೆಟ್ ಹೋಗುತ್ತದೆ. ಬೆಳಗಿನ ಜಾವ 3ರಿಂದ 5ರ ನಡುವೆ ಮಾಡಿ. ಮರುದಿನ ಪರೀಕ್ಷೆ ಫಲಿತಾಂಶವಿದ್ದರೆ ಮುಂದಕ್ಕೆ ಹಾಕಿ. ಒಂದೇ ಅಪ್‌ಸ್ಟ್ರೀಮ್‌ನಿಂದ ಶುರುಮಾಡಿ, ಒಂದು ದಿನ ಬಿಟ್ಟು ಇನ್ನೊಂದು. ಆಟೊಮ್ಯಾಟಿಕ್ ರೋಲ್‌ಬ್ಯಾಕ್ ಇರುವ ರೂಟರ್ ಆಗಿದ್ದರೆ ಅದನ್ನು ಹತ್ತು ನಿಮಿಷಕ್ಕೆ ಇಟ್ಟೇ ಕೈ ಹಾಕಿ. ಮೈಕ್ರೊಟಿಕ್‌ನಲ್ಲಿ ಸೇಫ್ ಮೋಡ್ ಇದೆ.

ಆದ ಮೇಲೆ ರಿಬ್ ನೋಡಿ ಸಮಾಧಾನಪಡಬೇಡಿ, ಹಾರ್ಡ್‌ವೇರ್ ಅಂಕಿಯನ್ನೇ ನೋಡಿ. ಹೈದರಾಬಾದ್ ಲಿಂಕನ್ನು ಬೇಕಂತಲೇ ಡೌನ್ ಮಾಡಿ, ಬೆಂಗಳೂರಿಗೆ ಎಷ್ಟು ಸೆಕೆಂಡಿನಲ್ಲಿ ಹೊರಳುತ್ತದೆ ನೋಡಿ. ವಾಪಸ್ ಏರಿಸಿ. ಅದೇ ರೀತಿ ಇನ್ನೊಂದನ್ನೂ. ಗೂಟದ ಪ್ರಿಫಿಕ್ಸ್‌ಗಳನ್ನು ಫಿಲ್ಟರ್‌ನಲ್ಲಿ ತಡೆದು ಡಿಫಾಲ್ಟ್ ನಿಜವಾಗಿಯೂ ಬೀಳುತ್ತದೆಯೇ ಎಂದೂ ಪರೀಕ್ಷಿಸಿ. ಈ ಪರೀಕ್ಷೆಯನ್ನು ಬಿಟ್ಟುಬಿಡುವವರು ಜಾಸ್ತಿ.

ಕೊನೆಗೆ ಎಚ್ಚರಿಕೆಯ ಗಂಟೆ. ಹಾರ್ಡ್‌ವೇರ್ ಫಿಬ್ 80 ಶೇಕಡಾ ದಾಟಿದರೆ ಮೊಬೈಲ್‌ಗೆ ಮೆಸೇಜ್ ಬರುವಂತೆ ಮಾನಿಟರಿಂಗ್‌ನಲ್ಲಿ ಹಾಕಿ. ಐಪಿವಿ4ಗೆ ಬೇರೆ, ಐಪಿವಿ6ಗೆ ಬೇರೆ. ಬಿಜಿಪಿ ಸೆಷನ್‌ಗಳಿಗೆ ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ ಇಡಿ. ಕೆಳಗಿನ ಆಪರೇಟರ್‌ನ ಸೆಷನ್ ಮಿತಿ ದಾಟಿದರೆ ಕಡಿದು ಬೀಳಲಿ, ಅವರ ತಪ್ಪು ನಿಮ್ಮೊಳಗೆ ಬರಬಾರದು. ಅಪ್‌ಸ್ಟ್ರೀಮ್ ಸೆಷನ್‌ಗೆ ಮಾತ್ರ ಕಡಿಯುವ ಬದಲು ಎಚ್ಚರಿಕೆ ಕೊಡುವ ಬಗೆಯದನ್ನು ಹಾಕಿ. ಎರಡೂ ಅಪ್‌ಸ್ಟ್ರೀಮ್‌ನಲ್ಲಿ ಟೇಬಲ್ ಒಂದೇ ದಿನ ಬೆಳೆಯುತ್ತದೆ. ಕಡಿಯುವ ಮಿತಿ ಎರಡಕ್ಕೂ ಇದ್ದರೆ ಎರಡೂ ಒಂದೇ ಗಳಿಗೆಯಲ್ಲಿ ಬೀಳುತ್ತವೆ.